ಮೂರನೇ ಕ್ಲಾಸಿನ ಮಗುವಿಗೆ ಏನೇನು ಬರಬೇಕು, ಮನೇಲೇ ನೋಡ್ಕೊಳ್ಳೋದು ಹೆಂಗೆ

ಜೂನ್ ಬಂತಂದ್ರೆ ಸಾಕು, ಸಂತೇಲಿ ಸಿಗ್ಲಿ ಮದ್ವೆ ಮನೇಲಿ ಸಿಗ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. "ಮೇಡಂ, ನಮ್ಮ ಹುಡುಗ ಮೂರನೇ ಕ್ಲಾಸಿಗೆ ಬಂದ, ಅವನಿಗೆ ಏನೇನ್ ಬರ್ಬೇಕು?" ಇನ್ನೊಬ್ರು "ಪಕ್ಕದ್ಮನೆ ಹುಡುಗಿ ಇಪ್ಪತ್ತರವರೆಗೂ ಮಗ್ಗಿ ಹೇಳ್ತಾಳೆ, ನಮ್ಮೋಳು ಐದರದ್ದಕ್ಕೇ ತಡವರಿಸ್ತಾಳೆ, ಟ್ಯೂಷನ್ ಹಾಕ್ಲಾ" ಅಂತಾರೆ. ಒಬ್ಬೊಬ್ರಿಗೂ ನಿಂತ್ಕೊಂಡು ಹೇಳಿ ಹೇಳಿ ಸಾಕಾಗಿ ಎಲ್ಲಾನೂ ಒಂದೇ ಕಡೆ ಬರ್ದಿಡ್ತಿದೀನಿ. ನಾನು ದಾವಣಗೆರೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಲಿ ನಲಿ-ಕಲಿ ಟೀಚರು, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಹೇಳ್ಕೊಡೋಳು, ಹಂಗಾಗಿ ನಾನು ಹೇಳೋದು ಜಾಸ್ತಿ ಸ್ಟೇಟ್ ಸಿಲಬಸ್ಸಿನ ಕಡೆಯಿಂದಾನೇ ಇರುತ್ತೆ, ಆದ್ರೆ ಕಾನ್ವೆಂಟಿಗೆ ಹೋಗೋ ಮಕ್ಕಳ ಅಪ್ಪ ಅಮ್ಮನೂ ಓದ್ಬಹುದು, ಎಂಟು ವರ್ಷದ ಮಗು ಎಲ್ಲಾದ್ರೂ ಎಂಟು ವರ್ಷದ್ದೇ ಅಲ್ವಾ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಮೂರನೇ ಕ್ಲಾಸಲ್ಲಿ ಯಾರನ್ನೂ ಫೇಲ್ ಮಾಡಲ್ಲ. ಅದಕ್ಕೇ "ಪಾಸಾಗಿದಾನೆ ಬಿಡ್ರಿ", "ಎ ಪ್ಲಸ್ ಬಂದೈತೆ ಬಿಡ್ರಿ" ಅಂತ ಕೂತ್ಕೊಂಡ್ರೆ ನಿಮಗೇನೂ ಗೊತ್ತಾಗಲ್ಲ. ನಾಲ್ಕನೇ ಕ್ಲಾಸಿಗೆ ಹೋದಾಗ ಟೀಚರ್ರು ಪುಸ್ತಕ ಕೈಗೆ ಕೊಟ್ಟು "ಈ ಪಾಠ ಓದ್ಕೊಂಡು ಪ್ರಶ್ನೆಗೆ ಉತ್ತರ ಬರಿ" ಅಂತಾರೆ, ಆವಾಗ ಓದೋಕೇ ಬರದಿರೋ ಮಗು ಗಣಿತದಲ್ಲೂ ಹಿಂದೆ, ಪರಿಸರದಲ್ಲೂ ಹಿಂದೆ, ಕೊನೆಗೆ ಎಲ್ರೂ ಸೇರಿ ಅದಕ್ಕೆ ದಡ್ಡ ಅಂತ ಹೆಸರಿಡ್ತಾರೆ. ಆ ಮಗುಗೆ ಬರದೇ ಇರೋದು ಒತ್ತಕ್ಷರ ಅಷ್ಟೇ ಇರುತ್ತೆ. ಹಂಗಾಗಿ ಈ ವರ್ಷ ನೀವು ನೋಡ್ಬೇಕಾಗಿರೋದು ಮುಖ್ಯವಾಗಿ ಎರಡೇ, ಓದಿದ್ದು ಅರ್ಥ ಆಗ್ತಿದೆಯಾ, ಬಿಡಿ-ಹತ್ತು-ನೂರು ಗಟ್ಟಿ ಇದೆಯಾ. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುತ್ತೆ.

ಏನೇನ್ ಬೇಕು

ದುಡ್ಡು ಕೊಟ್ಟು ತರೋದು ಏನೂ ಇಲ್ಲ. ಒಂದು 200 ಪೇಜಿನ ನೋಟ್‌ಬುಕ್ಕು, ಒಂದು ಸ್ಕೇಲು, ಮುಳ್ಳಿರೋ ಗಡಿಯಾರ (ಹಾಳಾಗಿದ್ರೂ ನಡೆಯುತ್ತೆ, ಮುಳ್ಳು ತಿರುಗಿದ್ರೆ ಸಾಕು), ಒಂದು ಹಿಡಿ ಕಡ್ಲೆ ಇಲ್ಲಾಂದ್ರೆ ಹುಣಸೆ ಬೀಜ, ಆಮೇಲೆ ನೂರರ ನೋಟು, ಹತ್ತರ ನೋಟು, ಒಂದು ರೂಪಾಯಿ ನಾಣ್ಯ. ನಿಜವಾದ ನೋಟು ಕೊಡೋಕೆ ಭಯ ಆದ್ರೆ ರಟ್ಟಲ್ಲಿ ಕತ್ತರಿಸಿ 100, 10, 1 ಅಂತ ಬರ್ಕೊಳ್ರಿ. ಪುಸ್ತಕ ಕಳೆದೋಗಿದ್ರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎಲ್ಲಾ ಕ್ಲಾಸಿನ ಪಿಡಿಎಫ್ ಫ್ರೀ ಸಿಗುತ್ತೆ, ಪುಸ್ತಕದೊಳಗೆ ಇರೋ ಕ್ಯೂಆರ್ ಕೋಡನ್ನ ದೀಕ್ಷಾ ಅನ್ನೋ ಸರ್ಕಾರದ ಕಲಿಕೆ ಆ್ಯಪಲ್ಲಿ ಸ್ಕ್ಯಾನ್ ಮಾಡಿದ್ರೆ ವಿಡಿಯೋನೂ ಬರುತ್ತೆ. ಟೈಮು ದಿನಕ್ಕೆ ಅರ್ಧ ಗಂಟೆ, ಜಾಸ್ತಿ ಅಂದ್ರೆ 40 ನಿಮಿಷ. ಎರಡು ಗಂಟೆ ಕೂರ್ಸಿದ್ರೆ ಎರಡನೇ ದಿನ ಮಗು ಹೊಟ್ಟೆನೋವು ಅನ್ನುತ್ತೆ.

1. ಮೊದ್ಲು ನಿಮ್ಮ ಮಗು ಓದ್ತಿರೋ ಸಿಲಬಸ್ ಯಾವ್ದು ತಿಳ್ಕೊಳ್ರಿ

ಸರ್ಕಾರಿ ಶಾಲೆ ಕನ್ನಡ ಮೀಡಿಯಂ ಆದ್ರೆ ಸಾಮಾನ್ಯವಾಗಿ ಒಂದು, ಎರಡು, ಮೂರನೇ ಕ್ಲಾಸಿನೋರು ಒಂದೇ ರೂಮಲ್ಲಿ ಕೂತು ನಲಿ-ಕಲಿ ಪದ್ಧತೀಲಿ ಕಲೀತಾರೆ. ಗೋಡೆ ಮೇಲೆ ಒಂದು ಏಣಿ ಚಿತ್ರ ಇರುತ್ತೆ, ಅದನ್ನ ಕಲಿಕಾ ಏಣಿ ಅಂತೀವಿ, ಮಗು ಒಂದೊಂದೇ ಕಾರ್ಡು ಮುಗಿಸ್ಕೊಂಡು ಮೆಟ್ಲು ಹತ್ತುತ್ತೆ. ಹತ್ತಾರು ಮೆಟ್ಲು ಸೇರಿದ್ರೆ ಒಂದು ಮೈಲಿಗಲ್ಲು. ಎಲ್ರೂ ಒಂದೇ ದಿನ ಒಂದೇ ಪಾಠ ಮಾಡಲ್ಲ, ಐದು ಗುಂಪಿರುತ್ತೆ, ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗೇ ಕೂತು ಹೇಳ್ಕೊಡ್ತಾರೆ, ಕೊನೇ ಗುಂಪಿನೋರು ತಾವೇ ಕಲ್ಕೋತಾರೆ. ಹಂಗಾಗಿ "ಅವರ ಮಗು 40ನೇ ಕಾರ್ಡು, ನಮ್ದು 32" ಅಂತ ಹೋಲಿಸ್ಬೇಡ್ರಿ, ಆ ಪದ್ಧತಿ ಇರೋದೇ ಮಗು ತನ್ನ ವೇಗದಲ್ಲಿ ಹೋಗ್ಲಿ ಅಂತ.

ಅಜ್ಜಿಯಂದಿರ ಒಂದು ದೂರು ಐತೆ, ಮೂರನೇ ಕ್ಲಾಸಿಗೆ ಬಂದ್ರೂ ಅ ಆ ಇ ಈ ಸರಿಯಾಗಿ ಹೇಳೋಕೆ ಬರಲ್ಲ ಅಂತ. ನಲಿ-ಕಲಿಲಿ ಅಕ್ಷರ ಶುರುವಾಗೋದೇ ರ, ಗ, ಸ, ದ, ಅ ಅಂತ, ಯಾಕಂದ್ರೆ ಈ ಐದೇ ಅಕ್ಷರದಲ್ಲಿ ಅಗಸ, ಅರಸ, ಸರ, ದರ, ಗರಗಸ ಅಂತ ಪದ ಕಟ್ಬಹುದು. ವರ್ಣಮಾಲೆ ಸಾಲಾಗಿ ಒಪ್ಪಿಸೋಕೆ ತಡವರಿಸಿದ್ರೂ ಓದೋಕೆ ಬಂದ್ರೆ ತಲೆಕೆಡಿಸ್ಕೋಬೇಡ್ರಿ. ಆದ್ರೆ ಮೂರನೇ ಕ್ಲಾಸು ಮುಗಿಯೋದ್ರೊಳಗೆ ಆ ಕ್ರಮಾನೂ ಬಂದ್ರೆ ಒಳ್ಳೇದು, ಮುಂದೆ ಡಿಕ್ಷನರಿ ನೋಡೋಕೆ ಬೇಕಾಗುತ್ತೆ.

ಸಿಬಿಎಸ್‌ಇ ಆದ್ರೆ ಮೂರನೇ ಕ್ಲಾಸಿನ ಪುಸ್ತಕ 2024ರಲ್ಲಿ ಪೂರ್ತಿ ಬದಲಾಗಿದಾವೆ, ಅಣ್ಣನ ಹಳೇ ಪುಸ್ತಕ ಇಟ್ಕೊಂಡು ಓದಿಸ್ಬೇಡ್ರಿ. ಇನ್ನೊಂದು, ಇಂಗ್ಲಿಷ್ ಮೀಡಿಯಮ್ಮು, ಕನ್ನಡ ಯಾಕೆ ಅನ್ನೋರಿಗೆ: 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಪ್ರಕಾರ ಕರ್ನಾಟಕದಲ್ಲಿ ಯಾವ ಬೋರ್ಡಿನ ಶಾಲೆ ಆದ್ರೂ ಕನ್ನಡ ಕಲಿಸ್ಲೇಬೇಕು, ಮೊದಲ ಭಾಷೆ ಇಲ್ಲಾ ಎರಡನೇ ಭಾಷೆ ಆಗಿ. ಹಂಗಾಗಿ ಕೆಳಗಿನ ಎರಡನೇ, ಮೂರನೇ ಹಂತ ನಿಮಗೂ ಬೇಕು.

2. ಒಂದು ನಿಮಿಷದ ಓದು

ಇದು ಎಲ್ಲಕ್ಕಿಂತ ಮುಖ್ಯ, ನಿಧಾನಕ್ಕೆ ಓದ್ರಿ. ಕೇಂದ್ರ ಸರ್ಕಾರ 2021ರ ಜುಲೈ 5ಕ್ಕೆ ನಿಪುಣ್ ಭಾರತ್ ಅಂತ ಒಂದು ಕಾರ್ಯಕ್ರಮ ಶುರು ಮಾಡ್ತು. 2026-27ರ ಹೊತ್ತಿಗೆ ಮೂರನೇ ಕ್ಲಾಸು ಮುಗಿಸೋ ಪ್ರತಿ ಮಗುಗೂ ಅರ್ಥ ಮಾಡ್ಕೊಂಡು ಓದೋದು, ಬರೆಯೋದು, ಮೂಲ ಲೆಕ್ಕ ಬರ್ಬೇಕು ಅನ್ನೋದು ಅದರ ಗುರಿ. ಅದರಲ್ಲಿ ಮೂರನೇ ಕ್ಲಾಸಿಗೆ ಹೇಳಿರೋದು ನಿಮಿಷಕ್ಕೆ ಕಡಿಮೆ ಅಂದ್ರೂ 60 ಪದ, ಅರ್ಥ ಆಗೋ ಹಂಗೆ. ನನ್ನ ಕೇಳಿದ್ರೆ ಈ 60ನ್ನ ಕನ್ನಡಕ್ಕೆ ಹಂಗೇ ಹಿಡ್ಕೊಂಡು ಮಗುನ ಓಡಿಸ್ಬಾರ್ದು. ಇಂಗ್ಲಿಷಲ್ಲಿ ನಾಕೈದು ಪದ ಆಗೋದು ನಮ್ಮಲ್ಲಿ "ಬರಬೇಕಾಗಿತ್ತು" ಅಂತ ಒಂದೇ ಪದ ಆಗ್ಬಿಡುತ್ತೆ. 45-50 ಪದ ತಪ್ಪಿಲ್ಲದೆ, ಅರ್ಥ ಮಾಡ್ಕೊಂಡು ಓದಿದ್ರೆ ನಾನಂತೂ ಖುಷಿಯಾಗ್ತೀನಿ.

ಪರೀಕ್ಷೆ ಹಿಂಗೆ ಮಾಡ್ರಿ. ಕೆಳಗಿನ ಪ್ಯಾರಾನ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಮೇಲೆ ಬರ್ದು ಕೊಡ್ರಿ, ಮೊದ್ಲೇ ಓದಿ ತೋರಿಸ್ಬೇಡ್ರಿ, ಮೊಬೈಲಲ್ಲಿ ಒಂದು ನಿಮಿಷ ಇಟ್ಕೊಳ್ರಿ. ಇದರಲ್ಲಿ 46 ಪದ ಇದಾವೆ.

ಸೋಮವಾರ ಬೆಳಿಗ್ಗೆ ಅಜ್ಜಿ ಸಂತೆಗೆ ಹೊರಟಳು. ಮೊಮ್ಮಗ ಕಾರ್ತಿಕನೂ ಜೊತೆಗೆ ಬಂದ. ಅಜ್ಜಿ ಒಂದು ಸೇರು ಮಂಡಕ್ಕಿ, ಕಾಲು ಕಿಲೋ ಹಸಿಮೆಣಸಿನಕಾಯಿ ಕೊಂಡಳು. ದಾರಿಯಲ್ಲಿ ಗಾಳಿ ಜೋರಾಗಿ ಬೀಸಿತು. ಆಕಾಶದಲ್ಲಿ ಕಪ್ಪು ಮೋಡ ಕಟ್ಟಿತು. ಅಜ್ಜಿ ಸೆರಗಿನಿಂದ ಮಂಡಕ್ಕಿ ಚೀಲವನ್ನು ಮುಚ್ಚಿದಳು. ಕಾರ್ತಿಕ ತನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಓಡಿದ. ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಪೂರ್ತಿ ಒದ್ದೆಯಾಗಿದ್ದರು. ಮಂಡಕ್ಕಿ ಮಾತ್ರ ಗರಿಗರಿಯಾಗಿಯೇ ಇತ್ತು.

ಓದಿ ಆದ್ಮೇಲೆ ಹಾಳೆ ಮಗು ಕೈಲೇ ಇರ್ಲಿ, ಮೂರು ಪ್ರಶ್ನೆ ಕೇಳ್ರಿ. ಅಜ್ಜಿ ಏನೇನ್ ತಗೊಂಡ್ಳು? ಇಬ್ರೂ ಯಾಕೆ ಒದ್ದೆ ಆದ್ರು? ಮಂಡಕ್ಕಿ ಯಾಕೆ ಒದ್ದೆ ಆಗ್ಲಿಲ್ಲ? ಮೊದಲನೇದಕ್ಕೆ ಉತ್ತರ ಹಾಳೇಲೇ ಐತೆ, ಹುಡುಕಿ ಹೇಳ್ಬಹುದು. ಎರಡನೇದು ನೋಡ್ರಿ, ಇಡೀ ಪ್ಯಾರಾದಲ್ಲಿ ಮಳೆ ಅನ್ನೋ ಪದಾನೇ ಇಲ್ಲ. "ಮಳೆ ಬಂತು ಅದ್ಕೆ" ಅಂತ ಮಗು ಹೇಳಿದ್ರೆ ಅದು ಬರೀ ಅಕ್ಷರ ಓದ್ಲಿಲ್ಲ, ವಿಷಯ ಹಿಡೀತು ಅಂತ ಅರ್ಥ. "ಇದ್ರಲ್ಲಿ ಬರ್ದಿಲ್ಲ" ಅಂತ ಹಾಳೆ ತಿರುಗಿಸಿ ನೋಡೋ ಮಕ್ಕಳು ಬೇಕಾದಷ್ಟು ಜನ, ಅದ್ರಲ್ಲಿ ಗಡಗಡ ಅಂತ ಓದೋರೂ ಇರ್ತಾರೆ.

ಈಗ ಫಲಿತಾಂಶ ಹೆಂಗೆ ನೋಡೋದು ಅಂದ್ರೆ, ಮಗು ಒಂದೊಂದೇ ಅಕ್ಷರ ಕೂಡಿಸ್ಕೊಂಡು "ಸಂ..ತೆ..ಗೆ" ಅಂತ ಓದಿ ಒಂದು ನಿಮಿಷಕ್ಕೆ 15-20 ಪದದಲ್ಲೇ ನಿಂತ್ರೆ ಅದಿನ್ನೂ ಎರಡನೇ ಕ್ಲಾಸಿನ ಹಂತ, ಬೇರೆ ಎಲ್ಲಾ ಬಿಟ್ಟು ದಿನಾ ಹತ್ತು ನಿಮಿಷ ಇದಕ್ಕೇ ಕೊಡ್ರಿ. ಒತ್ತಕ್ಷರ ಬಂದಲ್ಲಿ ಮಾತ್ರ ನಿಂತ್ರೆ ಮೂರನೇ ಹಂತ ನೋಡ್ರಿ. ಚೆನ್ನಾಗಿ ಓದಿ ಉತ್ತರ ಹೇಳೋಕೆ ಬರ್ಲಿಲ್ಲ ಅಂದ್ರೆ ಓದಿಸೋದು ಕಡಿಮೆ ಮಾಡಿ ಮಾತಾಡೋದು ಜಾಸ್ತಿ ಮಾಡ್ರಿ, ರಾತ್ರಿ ಒಂದು ಕಥೆ ಹೇಳಿ ಮಧ್ಯಕ್ಕೆ ನಿಲ್ಸಿ "ಮುಂದೇನಾಗ್ಬಹುದು" ಅಂತ ಕೇಳ್ರಿ.

ಎಚ್ಚರಿಕೆ: ಶಾಲೆ ಪುಸ್ತಕದ ಪಾಠ ಕೊಟ್ಟು ಈ ಪರೀಕ್ಷೆ ಮಾಡ್ಬೇಡ್ರಿ. ಬಾಯಿಪಾಠ ಆಗಿರುತ್ತೆ. ನಮ್ಮ ಶಾಲೆಲಿ ಒಬ್ಬ ಪುಸ್ತಕ ತಲೆಕೆಳಗೆ ಹಿಡ್ಕೊಂಡು ಇಡೀ ಪದ್ಯ ಓದಿದ್ದ, ಪಾಪ ಅವರಪ್ಪ ಪಕ್ಕದಲ್ಲೇ ಹೆಮ್ಮೆಯಿಂದ ನಿಂತಿದ್ರು. ಬೇರೆ ಏನಾದ್ರೂ ಕೊಡ್ರಿ, ಪೇಪರಿನ ಮಕ್ಕಳ ಪುಟ, ಬಿಸ್ಕೆಟ್ ಪ್ಯಾಕೆಟ್ಟು, ಬಸ್ಸಿನ ಬೋರ್ಡು. ಬಸ್ ಸ್ಟ್ಯಾಂಡಲ್ಲಿ ಕಾಯುವಾಗ ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಚಿತ್ರದುರ್ಗ ಅಂತ ಬೋರ್ಡು ಓದ್ಸಿ, ಚಿತ್ರದುರ್ಗದಲ್ಲಿ ತ್ರ ಒಂದು, ರ್ಗ ಒಂದು, ಎರಡೂ ಕಷ್ಟದ್ದೇ, ಅದು ಓದಿದ್ರೆ ಅರ್ಧ ಗೆದ್ದಂಗೆ.

3. ಬರವಣಿಗೆ, ಅದರಲ್ಲೂ ಒತ್ತಕ್ಷರ

ಮೂರನೇ ಕ್ಲಾಸಲ್ಲಿ ಕಾಗುಣಿತ ಮುಗಿದು ಒತ್ತಕ್ಷರ ಗಟ್ಟಿ ಆಗ್ಬೇಕು. ಇದರಲ್ಲಿ ಎರಡು ಜಾತಿ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದ್ರೆ ಸಜಾತಿ, ಅಕ್ಕ, ಅಪ್ಪ, ಬೆಲ್ಲ ಇದ್ದಂಗೆ. ಬೇರೆ ಅಕ್ಷರದ ಒತ್ತು ಬಂದ್ರೆ ವಿಜಾತಿ, ಪುಸ್ತಕ, ಚಕ್ರ, ರಾತ್ರಿ ಇದ್ದಂಗೆ. ಸಜಾತಿ ಬೇಗ ಬರುತ್ತೆ, ವಿಜಾತಿ ಒದ್ದಾಡಿಸುತ್ತೆ.

ವಾರಕ್ಕೆ ಎರಡು ಸಲ ಹತ್ತು ಪದದ ಉಕ್ತಲೇಖನ ಕೊಡ್ರಿ, ಅಂದ್ರೆ ಡಿಕ್ಟೇಷನ್ನು, ನೀವು ಹೇಳೋದು ಅವರು ಬರೆಯೋದು. ತಪ್ಪಾದ ಪದನ 20 ಸಲ ಬರೆಸೋದು ಬ್ಯಾಡ, ಮೂರನೇ ಸಲದಿಂದ ಕೈ ಬರೀತಿರುತ್ತೆ ತಲೆ ಎಲ್ಲೋ ಇರುತ್ತೆ. ಅದರ ಬದ್ಲು ಯಾವ ತರದ ತಪ್ಪು ಅಂತ ನೋಡ್ರಿ. ನಾನು ಕಂಡಂಗೆ ಜಾಸ್ತಿ ಆಗೋದು ಇವು.

ಒಂದು, ಅರ್ಕಾವತ್ತು. ಸೂರ್ಯ ಬರಿ ಅಂದ್ರೆ ಸೂಯ್ರ ಅಂತ ಬರೀತಾರೆ, ಕರ್ನಾಟಕ ಹೋಗಿ ಕನ್ರಾಟಕ ಆಗುತ್ತೆ. ಮಗುದು ತಪ್ಪಲ್ಲ, ಯೋಚ್ನೆ ಮಾಡಿ ನೋಡ್ರಿ, ಬಾಯಲ್ಲಿ ರ್ ಮೊದ್ಲು ಬರುತ್ತೆ ಆಮೇಲೆ ಯ, ಆದ್ರೆ ಬರೆಯುವಾಗ ಯ ಮೊದ್ಲು ಬರ್ದು ಆಮೇಲೆ ಪಕ್ಕದಲ್ಲಿ ಆ ಸೊಟ್ಟ ಗುರುತು ಹಾಕ್ಬೇಕು. ಕಿವಿಗೂ ಕೈಗೂ ಉಲ್ಟಾ. ನಾನು ಹೇಳ್ಕೊಡೋದು ಹಿಂಗೆ, "ರ್ ಗೆ ಅವಸರ ಜಾಸ್ತಿ, ಮೊದ್ಲು ಕೂಗ್ತಾನೆ, ಆದ್ರೆ ಸಾಲಲ್ಲಿ ಹಿಂದೆ ನಿಲ್ತಾನೆ". ನಗ್ತಾರೆ, ನೆನಪಿಟ್ಕೋತಾರೆ. ಆಮೇಲೆ ಪ್ರಾಣಿ-ಪಾರ್ಕು, ಚಕ್ರ-ಅರ್ಕ ಅಂತ ಜೋಡಿ ಮಾಡಿ ಬರೆಸ್ರಿ, ಎರಡರ ವ್ಯತ್ಯಾಸ ಕಣ್ಣಿಗೆ ಹಿಡಿಯುತ್ತೆ.

ಎರಡು, ಅ-ಹ ಗೊಂದಲ. ಇದು ನಮ್ಮ ಕಡೆಯವರ ಆಸ್ತಿ. ಹಕ್ಕಿ ಅಕ್ಕಿ ಆಗುತ್ತೆ, ಹಾಲು ಆಲು, ಹೂವು ಊವು. ಮನೇಲಿ ನಾವೇ "ಆಲು ತಗಂಬಾ" ಅಂತೀವಿ, ಮಗು ಕೇಳಿದ್ದನ್ನ ಬರೆಯುತ್ತೆ. ಮನೆ ಮಾತು ಬದಲಾಯಿಸಿ ಅಂತ ನಾನು ಹೇಳಲ್ಲ, ಅದೇನೂ ಕೀಳು ಮಾತಲ್ಲ. ಆದ್ರೆ ಉಕ್ತಲೇಖನ ಕೊಡುವಾಗ ಬಾಯಿ ಮುಂದೆ ಅಂಗೈ ಇಟ್ಕೊಂಡು ಹೇಳ್ಸಿ, ಹ ಅಂದ್ರೆ ಕೈಗೆ ಗಾಳಿ ಬಡಿಯುತ್ತೆ, ಅ ಅಂದ್ರೆ ಬಡಿಯಲ್ಲ. ಇದೇ ಉಪಾಯ ಮಹಾಪ್ರಾಣಕ್ಕೂ, ಅಂದ್ರೆ ಖ, ಘ, ಧ, ಭ ತರ ಉಸಿರು ಜೋರಾಗಿ ಬಿಡೋ ಅಕ್ಷರಕ್ಕೆ, ಸ್ವಲ್ಪ ಮಟ್ಟಿಗೆ ನಡೆಯುತ್ತೆ.

ಮೂರು, ದೀರ್ಘ ಬಿಟ್ಟುಹೋಗೋದು. ಶಾಲೆ ಅನ್ನೋದು ಶಲೆ, ಕೋಳಿ ಅನ್ನೋದು ಕೊಳಿ. ಚಪ್ಪಾಳೆ ತಟ್ಟಿ ಎಳೆದು ಹೇಳಿಸಿದ್ರೆ ಸರಿಹೋಗುತ್ತೆ.

ಪದ ಬಂದ್ಮೇಲೆ ಸ್ವಂತ ವಾಕ್ಯ. ದಿನಾ ರಾತ್ರಿ ಮೂರೇ ಸಾಲು, ಇವತ್ತು ಏನಾಯ್ತು ಅಂತ. ಅದನ್ನ ಕೆಂಪು ಪೆನ್ನಲ್ಲಿ ತಿದ್ದೋಕೆ ಹೋಗ್ಬೇಡ್ರಿ ದಯವಿಟ್ಟು. "ನಾನು ದೊಸೆ ತಿಂದೆ ಬೆಣೆ ಜಸ್ತಿ ಇತು" ಅಂತ ಬರ್ದಿದ್ರೆ ಮೊದ್ಲು ಎಷ್ಟು ದೋಸೆ ತಿಂದೆ ಅಂತ ಕೇಳ್ರಿ, ತಪ್ಪೆಲ್ಲ ನಾಳೆ ಉಕ್ತಲೇಖನದಲ್ಲಿ ನೋಡ್ಕೊಂಡ್ರಾಯ್ತು. ವಿರುದ್ಧ ಪದ, ಏಕವಚನ ಬಹುವಚನ, ಪೂರ್ಣವಿರಾಮ, ಪ್ರಶ್ನೆ ಚಿಹ್ನೆ ಇವೆಲ್ಲಾನೂ ಮೂರನೇ ಕ್ಲಾಸಲ್ಲಿ ಬರ್ತಾವೆ, ಓದು ಸರಿ ಇದ್ರೆ ಇವು ತಾವಾಗೇ ಹತ್ಕೊಳ್ತಾವೆ.

4. ಬಿಡಿ, ಹತ್ತು, ನೂರು

ಗಣಿತದಲ್ಲಿ ಮೂರಂಕಿ ಸಂಖ್ಯೆ, ಅಂದ್ರೆ 999ರವರೆಗೂ, ಕಣ್ಮುಚ್ಚಿ ಬರ್ಬೇಕು. ನಿಪುಣ್ ಭಾರತಲ್ಲಿ 9999ರವರೆಗೂ ಓದಿ ಬರೆಯೋದು ಗುರಿ, ಆದ್ರೆ ಮೂರಂಕಿ ಗಟ್ಟಿ ಇಲ್ದೆ ನಾಕಂಕಿಗೆ ಹೋಗ್ಬೇಡ್ರಿ.

ಮೊದಲ ಪರೀಕ್ಷೆ ಸುಲಭ. "ಮುನ್ನೂರ ಐದು" ಬರಿ ಅನ್ರಿ. 305 ಬರ್ದ್ರೆ ಸರಿ. ತುಂಬಾ ಮಕ್ಕಳು 3005 ಅಂತ ಬರೀತಾರೆ, ಮುನ್ನೂರು ಅಂದ್ರೆ 300, ಪಕ್ಕಕ್ಕೆ ಐದು. ಅವರ ಲೆಕ್ಕದಲ್ಲಿ ಅದು ಸರೀನೇ. ಇದನ್ನ ಬೈದು ತಿದ್ದೋಕಾಗಲ್ಲ, ಸ್ಥಾನಬೆಲೆ ಕೈಗೆ ಸಿಗ್ಬೇಕು. ಸ್ಥಾನಬೆಲೆ ಅಂದ್ರೆ ಒಂದು ಅಂಕಿ ಕೂತಿರೋ ಜಾಗದ ಮೇಲೆ ಅದರ ಬೆಲೆ, 3 ಬಿಡಿ ಮನೇಲಿ ಕೂತ್ರೆ ಮೂರು, ನೂರರ ಮನೇಲಿ ಕೂತ್ರೆ ಮುನ್ನೂರು. ನೋಟು ತಗೊಳ್ರಿ, ನೂರರದ್ದು ಮೂರು, ಹತ್ತರದ್ದು ಒಂದೂ ಇಲ್ಲ, ನಾಣ್ಯ ಐದು. ಮೂರು ಮನೆ ಗೆರೆ ಹಾಕಿ ಒಂದೊಂದ್ರಲ್ಲಿ ಎಷ್ಟಿದಾವೆ ಬರಿ ಅಂದ್ರೆ ತಾನೇ 3, 0, 5 ಬರೆಯುತ್ತೆ. ಸೊನ್ನೆ ಅಂದ್ರೆ ಖಾಲಿ ಮನೆಗೆ ಹಾಕಿರೋ ಬೀಗ ಅಂತ ನಾನು ಹೇಳ್ತೀನಿ.

ಇನ್ನು ಕೂಡೋದು ಕಳೆಯೋದು. ನೋಟ್ಸಲ್ಲಿ "ದಶಕ ರಹಿತ", "ದಶಕ ಸಹಿತ" ಅಂತ ನೋಡಿ ಗಾಬರಿ ಆಗ್ಬೇಡ್ರಿ, ದಶಕ ರಹಿತ ಅಂದ್ರೆ ಪಕ್ಕದ ಮನೆಗೆ ಏನೂ ಕೊಡೋದು ತಗೊಳ್ಳೋದು ಇಲ್ಲದ ಲೆಕ್ಕ, 324ಕ್ಕೆ 153 ಕೂಡುವಾಗ ಹತ್ತರ ಮನೇಲಿ 7 ಬಂದು ಅಲ್ಲೇ ನಿಲ್ಲುತ್ತಲ್ಲ ಹಂಗೆ. ದಶಕ ಸಹಿತ ಅಂದ್ರೆ ಕೊಡೋದು ತಗೊಳ್ಳೋದು ಇರೋದು.

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ಬೀಳೋ ಗುಂಡಿ ಇದು: 402ರಲ್ಲಿ 178 ಕಳಿ. ಬಂದ ಉತ್ತರ 376 ಆಗಿದ್ರೆ ಮಗು ಪ್ರತಿ ಮನೇಲೂ ದೊಡ್ಡದ್ರಿಂದ ಚಿಕ್ಕದ್ದು ಕಳೆದೈತೆ, 8ರಲ್ಲಿ 2, 7ರಲ್ಲಿ 0, 4ರಲ್ಲಿ 1. ಮೇಲಿಂದ ಕೆಳಗಿನದ್ದು ಕಳೀಬೇಕು ಅನ್ನೋದೇ ಮರೆತೈತೆ. ಇದನ್ನ ಬೋರ್ಡ್ ಮೇಲೆ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ಅಂಗಡಿ ಆಟ ಆಡ್ರಿ. ಮಗು ಹತ್ರ ನೂರರ ನೋಟು ನಾಕು, ನಾಣ್ಯ ಎರಡು. ನೀವು ಅಂಗಡಿಯೋರು, "178 ಕೊಡಪ" ಅನ್ರಿ. ಎಂಟು ನಾಣ್ಯ ಕೊಡ್ಬೇಕು, ಇರೋದು ಎರಡು. ಹತ್ತರ ನೋಟು ಮುರಿಸಾನ ಅಂದ್ರೆ ಅದೂ ಇಲ್ಲ. ಆವಾಗ ನೂರರ ಒಂದು ನೋಟು ಕೊಟ್ಟು ಹತ್ತರದ್ದು ಹತ್ತು ತಗೊಳ್ಳುತ್ತೆ, ಅದರಲ್ಲಿ ಒಂದು ಕೊಟ್ಟು ನಾಣ್ಯ ಹತ್ತು ತಗೊಳ್ಳುತ್ತೆ. ಈಗ ಕೈಲಿ ನೂರು ಮೂರು, ಹತ್ತು ಒಂಬತ್ತು, ನಾಣ್ಯ ಹನ್ನೆರಡು. ಕೊಟ್ಟು ನೋಡಿದ್ರೆ ಉಳಿಯೋದು 224. ಮೂರ್ನಾಕು ದಿನ ಹಿಂಗೆ ಕೈಯಲ್ಲಿ ಮಾಡಿದ್ಮೇಲೆ ಪೇಪರ್ ಮೇಲೆ ಸೊನ್ನೆ ಯಾಕೆ 9 ಆಯ್ತು ಅಂತ ಮಗುನೇ ನಿಮಗೆ ಹೇಳುತ್ತೆ. ಚಿಲ್ಲರೆ ಇಲ್ಲಾಂತ ಅಂಗಡಿಯೋರು ಚಾಕ್ಲೇಟ್ ಕೊಡೋದನ್ನ ನೋಡಿರೋ ಮಗು ನಿಮಗೂ ಚಾಕ್ಲೇಟ್ ಕೊಡೋಕೆ ಬರುತ್ತೆ, ಅದಕ್ಕೆ ರೆಡಿ ಇರ್ರಿ.

5. ಮಗ್ಗಿ ಮತ್ತು ಹಂಚೋದು

ಎನ್‌ಸಿಇಆರ್‌ಟಿಯೋರು, ಅಂದ್ರೆ ಪಠ್ಯಪುಸ್ತಕ ಮಾಡೋ ಕೇಂದ್ರದ ಸಂಸ್ಥೆಯೋರು, ಮೂರನೇ ಕ್ಲಾಸಿಗೆ ಹೇಳಿರೋ ಮಗ್ಗಿ 2, 3, 4, 5 ಮತ್ತು 10. ಅಷ್ಟೇ. ಶಾಲೇಲಿ ಇನ್ನೂ ಮುಂದೆ ಹೋದ್ರೆ ಹೋಗ್ಲಿ, ಬೇಡ ಅನ್ನಲ್ಲ, ಆದ್ರೆ ಇಪ್ಪತ್ತರ ಮಗ್ಗಿ ಬರಲ್ಲ ಅಂತ ಎಂಟು ವರ್ಷದ ಮಗುಗೆ ಹೊಡೆಯೋದು ಅನ್ಯಾಯ.

ರಾಗವಾಗಿ "ನಾಕೊಂದ್ಲ ನಾಕು, ನಾಕೆರಡ್ಲ ಎಂಟು" ಅಂತ ಹೇಳೋದು ಬೇರೆ, ಲೆಕ್ಕಕ್ಕೆ ಬಳಸೋದು ಬೇರೆ. ಮಧ್ಯದಿಂದ ಕೇಳ್ರಿ, "ನಾಕೇಳ್ಲ?" ಮಗು ಮನಸ್ಸಲ್ಲೇ ನಾಕೊಂದ್ಲದಿಂದ ಶುರು ಮಾಡ್ಕೊಂಡು ತುಟಿ ಅಲ್ಲಾಡಿಸಿದ್ರೆ ಹಾಡು ಬಂದೈತೆ, ಮಗ್ಗಿ ಇನ್ನೂ ಬಂದಿಲ್ಲ. ಹುಣಸೆ ಬೀಜ ತಗೊಂಡು ನಾಕು ಸಾಲು, ಸಾಲಿಗೆ ಏಳು ಜೋಡ್ಸಿ, ಆಮೇಲೆ ಹಂಗೇ ಪಕ್ಕದಿಂದ ನೋಡಿದ್ರೆ ಏಳು ಸಾಲು, ಸಾಲಿಗೆ ನಾಕು. ನಾಕೇಳ್ಲ ಏಳ್ನಾಕ್ಲ ಒಂದೇ ಅಂತ ಕಂಡಾಗ ಮಕ್ಕಳ ಮುಖ ನೋಡ್ಬೇಕು, ಅರ್ಧ ಮಗ್ಗಿ ಉಳಿತಲ್ಲ ಅಂತ.

ಭಾಗಾಕಾರಕ್ಕೆ ಹಂಚೋದು ಸಾಕು. ಒಂದು ಪ್ಲೇಟಿಗೆ 4 ಮಿರ್ಚಿ, 6 ಪ್ಲೇಟಿಗೆ ಎಷ್ಟು? 24 ಮಿರ್ಚಿ ಕರಿದೀನಿ, ಪ್ಲೇಟಿಗೆ 4 ಹಾಕಿದ್ರೆ ಎಷ್ಟು ಪ್ಲೇಟ್ ಬೇಕು? 26 ಇದ್ರೆ? ಎರಡು ಉಳಿಯುತ್ತೆ, ಅದೇ ಶೇಷ, ಅದನ್ನ ಅಡುಗೆ ಮಾಡಿದೋರು ತಿಂತಾರೆ.

ಇಲ್ಲಿ ಒಂದು ಎಚ್ಚರಿಕೆ. ವಾಕ್ಯದ ಲೆಕ್ಕ ಕೊಟ್ಟ ತಕ್ಷಣ ಮಗು "ಇದು ಕೂಡೋದಾ ಕಳೆಯೋದಾ?" ಅಂತ ಕೇಳುತ್ತೆ, ನೀವು ಹೇಳ್ಬಿಡ್ತೀರಿ, ಅದು ಸರಸರ ಮಾಡಿ ಮುಗಿಸುತ್ತೆ, ಇಬ್ರಿಗೂ ಸಮಾಧಾನ. ಹೇಳ್ಬೇಡ್ರಿ. "ನೀನೇ ಹೇಳು, ಕೊನೆಗೆ ಜಾಸ್ತಿ ಆಗುತ್ತಾ ಕಡಿಮೆ ಆಗುತ್ತಾ" ಅಂತ ವಾಪಸ್ ಕೇಳ್ರಿ. ಓದಿ ಅರ್ಥ ಮಾಡ್ಕೊಳ್ಳೋದು ಗಣಿತದಲ್ಲೂ ಬೇಕು ಅಂದಿದ್ದು ಇದಕ್ಕೇ.

6. ಅಳತೆ, ತೂಕ, ಗಡಿಯಾರ

ಇದಕ್ಕೆ ಪುಸ್ತಕ ಬೇಡ, ಸಂತೆಗೆ ಕರ್ಕೊಂಡ್ಹೋಗ್ರಿ. ಕಾಲು ಕಿಲೋ 250 ಗ್ರಾಂ, ಅರ್ಧ 500, ಮುಕ್ಕಾಲು 750, ಒಂದು ಕಿಲೋ 1000, ತಕ್ಕಡಿ ಮುಂದೆ ನಿಂತು ಎರಡು ಸಲ ನೋಡಿದ್ರೆ ಮುಗೀತು. ಅರ್ಧ, ಕಾಲು ಅನ್ನೋ ಭಿನ್ನರಾಶಿನೂ ಅಲ್ಲೇ ಬಂತು. ಮಂಡಕ್ಕಿನ ಸೇರಲ್ಲಿ ಅಳೆದು ಕೊಡ್ತಾರೆ, ಈರುಳ್ಳಿನ ತೂಗಿ ಕೊಡ್ತಾರೆ, ಯಾಕೆ ಅಂತ ಕೇಳ್ರಿ, ಒಂದು ಸೇರು ಮಂಡಕ್ಕಿ ಎತ್ತಿ ನೋಡಿದ್ರೆ ಮಗುಗೇ ಗೊತ್ತಾಗುತ್ತೆ. ಸೆಂಟಿಮೀಟರ್ ಮೀಟರ್‌ಗೆ ಸ್ಕೇಲು ಸಾಕು, ಒಂದೇ ತಪ್ಪು ನೋಡ್ಕೊಳ್ರಿ, ಮಕ್ಕಳು 0 ಬಿಟ್ಟು 1ರಿಂದ ಅಳೆಯೋಕೆ ಶುರು ಮಾಡ್ತಾರೆ.

ಗಡಿಯಾರದಲ್ಲಿ ಪೂರ್ತಿ ಗಂಟೆ ಮೊದ್ಲು, ಆಮೇಲೆ ಅರ್ಧ, ಕಾಲು. ಮೊಬೈಲಲ್ಲಿ ನೋಡಿ ಟೈಮ್ ಹೇಳಿದ್ರೆ ಲೆಕ್ಕಕ್ಕಿಲ್ಲ. ಕ್ಯಾಲೆಂಡರಲ್ಲಿ ವಾರ, ತಾರೀಖು, ಯಾವ ತಿಂಗಳಿಗೆ 30 ಯಾವುದಕ್ಕೆ 31, ಬೆರಳ ಗೆಣ್ಣು ಮೇಲೆ ಎಣಿಸೋದು ನಿಮಗೆ ಗೊತ್ತಿರೋದೇ.

7. ಪರಿಸರ ಅಧ್ಯಯನ

ಇದನ್ನ ಬಾಯಿಪಾಠ ಮಾಡಿಸೋರನ್ನ ಕಂಡ್ರೆ ನನಗೆ ಸಿಟ್ಟು. ಮನೆಯೋರು, ಗಿಡ, ಪ್ರಾಣಿ, ನೀರು, ಊಟ, ಮನೆ, ವಾಹನ, ನಮ್ಮೂರು, ದಿಕ್ಕು, ನಕ್ಷೆ, ವಿಷಯ ಇಷ್ಟೇ. ನೀರಿನ ಮೂಲಗಳು ಯಾವುವು ಅಂತ ಕೆರೆ ಬಾವಿ ನದಿ ಅಂತ ಒಪ್ಪಿಸೋದಕ್ಕಿಂತ ನಮ್ಮನೆ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ ಅಂತ ಹುಡುಕ್ಲಿ. ದಾವಣಗೆರೆಯೋರಾದ್ರೆ ಭಾನುವಾರ ಕುಂದುವಾಡ ಕೆರೆಗೆ ಕರ್ಕೊಂಡ್ಹೋಗಿ ಇದಕ್ಕೆ ಭದ್ರಾ ನಾಲೆ ನೀರು ಬರುತ್ತೆ ಅಂತ ತೋರ್ಸಿ, ಹರಿಹರಕ್ಕೆ ಹೋದಾಗ ತುಂಗಭದ್ರಾ ನೋಡ್ಲಿ, ಚನ್ನಗಿರಿ ಕಡೆ ನೆಂಟರಿದ್ರೆ ಸೂಳೆಕೆರೆ. ಚಿತ್ರದುರ್ಗದೋರಾದ್ರೆ ಕೋಟೆ ಹತ್ತಿ, ಬಂಡೆ ಮಧ್ಯೆ ಮಳೆನೀರು ಹಿಡಿಯೋಕೆ ಕಟ್ಟಿರೋ ಹೊಂಡ ನೋಡ್ಲಿ, ಅಷ್ಟು ಎತ್ತರದಲ್ಲಿ ನೀರು ಹೆಂಗೆ ಅಂತ ಕೇಳದ ಮಗುನ ನಾನು ಕಂಡಿಲ್ಲ.

ನಕ್ಷೆಗೆ ಮನೆಯಿಂದ ಶಾಲೆ ದಾರಿ ಬರೆಸ್ರಿ, ಸೂರ್ಯ ಹುಟ್ಟೋ ಕಡೆ ನಿಂತು ದಿಕ್ಕು ಗುರುತು ಹಾಕ್ಲಿ. ಜಿಲ್ಲೆ ಬಗ್ಗೆ ಕೇಳಿದ್ರೆ ದಾವಣಗೆರೆ 1997ರ ಆಗಸ್ಟ್ 15ಕ್ಕೆ ಜಿಲ್ಲೆ ಆಯ್ತು, ಅದಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೇಲಿತ್ತು, ಈಗ ಆರು ತಾಲ್ಲೂಕು: ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ. ಹಳೇ ಗೈಡಲ್ಲಿ ಹರಪನಹಳ್ಳಿ ಇದ್ರೆ ಹೊಡೆದು ಹಾಕ್ರಿ, ಅದು ಈಗ ನಮ್ಮ ಜಿಲ್ಲೇಲಿಲ್ಲ.

8. ಇಂಗ್ಲಿಷು

ಸಣ್ಣ ಸಣ್ಣ ವಾಕ್ಯ ಓದೋದು, ತನ್ನ ಬಗ್ಗೆ ನಾಕು ಮಾತು ಹೇಳೋದು, ಮನೆ ಸಾಮಾನು, ಬಣ್ಣ, ದಿನ, ತಿಂಗಳು ಬರೆಯೋದು, ಕನ್ನಡ ಮೀಡಿಯಂ ಮಗುಗೆ ಇಷ್ಟು ಬಂದ್ರೆ ಚೆನ್ನಾಗಿದೆ. ಸ್ಪೆಲ್ಲಿಂಗ್ ಬಾಯಿಪಾಠಕ್ಕಿಂತ ಅಕ್ಷರದ ಶಬ್ದ ಕೂಡಿಸಿ ಓದೋದು ಕಲಿಸ್ರಿ. ಕನ್ನಡ ಓದೋಕೆ ಬರೋ ಮಗು ಇಂಗ್ಲಿಷು ಬೇಗ ಹಿಡಿಯುತ್ತೆ, ಎರಡೂ ಅರ್ಧಂಬರ್ಧ ಇದ್ರೆ ಮೊದ್ಲು ಮನೆಮಾತಿನ ಕಡೆ ನೋಡ್ರಿ.

9. ಟೀಚರ್ ಹತ್ರ ಏನ್ ಕೇಳ್ಬೇಕು

"ನಮ್ಮ ಮಗು ಹೆಂಗೆ ಓದ್ತಾನೆ" ಅಂತ ಕೇಳಿದ್ರೆ "ಪರವಾಗಿಲ್ಲ" ಅಂತ ಉತ್ತರ ಬರುತ್ತೆ, ನಾನೂ ಅವಸರದಲ್ಲಿ ಅದನ್ನೇ ಹೇಳಿದೀನಿ. ಗುರಿಯಿಟ್ಟು ಕೇಳ್ರಿ: ಒತ್ತಕ್ಷರ ಇರೋ ಪ್ಯಾರಾ ಓದ್ತಾನಾ? ದಶಕ ಸಹಿತ ಕಳೆಯೋದು ಬರುತ್ತಾ? ಯಾವ ಮೈಲಿಗಲ್ಲಲ್ಲಿದಾನೆ, ಎಷ್ಟು ದಿನದಿಂದ ಅಲ್ಲೇ ನಿಂತಿದಾನೆ? ನಲಿ-ಕಲಿ ರೂಮಲ್ಲಿ ಪ್ರಗತಿ ನೋಟ ಅಂತ ಚಾರ್ಟ್ ಇರುತ್ತೆ, ಯಾವ ಮಗು ಎಲ್ಲಿದೆ ಅಂತ ಅದರಲ್ಲಿ ಗೊತ್ತಾಗುತ್ತೆ, ತೋರ್ಸಿ ಅಂತ ಕೇಳ್ಬಹುದು. ಮಾರ್ಕ್ಸ್ ಕಾರ್ಡಲ್ಲಿ ಎಫ್‌ಎ ಅಂದ್ರೆ ಆಗಾಗ ಮಾಡೋ ಸಣ್ಣ ಪರೀಕ್ಷೆ ಚಟುವಟಿಕೆ, ವರ್ಷಕ್ಕೆ ನಾಕು, ಎಸ್‌ಎ ಅಂದ್ರೆ ಅರ್ಧ ವರ್ಷದ್ದು ಮತ್ತೆ ವರ್ಷದ ಕೊನೇದು.

ಟ್ಯೂಷನ್ ವಿಷಯ. ಶಾಲೆ ಟೀಚರ್ರನ್ನೇ "ಸಂಜೆ ನಮ್ಮನೇಗೆ ಬರ್ರಿ" ಅಂತ ಕೇಳ್ಬೇಡ್ರಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ನಾವು ಖಾಸಗಿ ಟ್ಯೂಷನ್ ಮಾಡಂಗಿಲ್ಲ. ಬೇರೆ ಕಡೆ ಕಳಿಸೋದಾದ್ರೆ ಅಲ್ಲಿ ಹೋಮ್‌ವರ್ಕ್ ಮಾಡಿಸಿ ಕಳಿಸ್ತಾರಾ ಇಲ್ಲಾ ಓದೋಕೆ ಕಲಿಸ್ತಾರಾ ನೋಡ್ರಿ. ಹೋಮ್‌ವರ್ಕ್ ಮಾಡಿಸೋಕಾದ್ರೆ ದುಡ್ಡು ದಂಡ.

ಇನ್ನೊಂದು ಮರೀಬೇಡ್ರಿ. ಎರಡು ತಿಂಗಳು ದಿನಾ ಕೂತು ಹೇಳ್ಕೊಟ್ರೂ ಮಗು ಅಲ್ಲೇ ಇದ್ರೆ, ಬೋರ್ಡ್ ನೋಡಿ ಬರೆಯುವಾಗ ಕಣ್ಣು ಕಿರಿದು ಮಾಡಿದ್ರೆ, ಹಿಂದಿನಿಂದ ಕರೆದ್ರೆ ತಿರುಗದೇ ಇದ್ರೆ, ಮೊದ್ಲು ಕಣ್ಣು ಕಿವಿ ತೋರಿಸ್ರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ಟೀಮು ಸರ್ಕಾರಿ ಶಾಲೆಗೇ ಬಂದು ನೋಡುತ್ತೆ, ಆ ದಿನ ರಜೆ ಹಾಕಿಸ್ಬೇಡ್ರಿ. ಕಣ್ಣು ಕಿವಿ ಸರಿ ಇದ್ದು, ಮಾತಲ್ಲಿ ಚುರುಕಿದ್ದು, ಅಕ್ಷರ ಮಾತ್ರ ಹತ್ತಲ್ಲ ಅಂದ್ರೆ ಕಲಿಕಾ ನ್ಯೂನತೆ ಇರ್ಬಹುದು, ಮಕ್ಕಳ ಡಾಕ್ಟರ್ ಹತ್ರ ಹೋಗಿ ಕೇಳ್ರಿ. ಹರಕೆ ಹೊತ್ಕೊಳ್ಳೋದಿದ್ರೆ ಅದೂ ಹೊತ್ಕೊಳ್ರಿ, ಆದ್ರೆ ಡಾಕ್ಟರ್ ಬಿಡ್ಬೇಡ್ರಿ.

ಯಾವಾಗ ಏನ್ ಮಾಡೋದು

ಜೂನಲ್ಲಿ ಮೇಲಿನ ಪ್ಯಾರಾ ಓದಿಸಿ, 305 ಮತ್ತೆ 402ರ ಲೆಕ್ಕ ಕೊಟ್ಟು, ಎಷ್ಟು ಬಂತು ಅಂತ ನೋಟ್‌ಬುಕ್ಕಿನ ಮೊದಲ ಪೇಜಲ್ಲಿ ತಾರೀಖು ಹಾಕಿ ಬರ್ದಿಡ್ರಿ. ದಸರಾ ರಜೇಲಿ ಇನ್ನೊಂದು ಪ್ಯಾರಾ, ಅಷ್ಟೇ ಉದ್ದದ್ದು, ನೀವೇ ಬರ್ದು ಕೊಡ್ರಿ. ಜನವರೀಲಿ ಮತ್ತೊಂದು ಸಲ, ಯಾಕಂದ್ರೆ ಆವಾಗ ಏನಾದ್ರೂ ಬಾಕಿ ಇದ್ರೆ ಸರಿ ಮಾಡೋಕೆ ಎರಡು ಮೂರು ತಿಂಗಳು ಇರುತ್ತೆ. ಏಪ್ರಿಲ್‌ನಲ್ಲಿ ಫಲಿತಾಂಶ ತರೋಕೆ ಹೋದಾಗ ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ಯಾರದ್ದಾದ್ರೂ ಹಳೇದು ಕೇಳಿ ಇಸ್ಕೊಳ್ರಿ, ಬೇಸಿಗೆ ರಜೇಲಿ ಅಜ್ಜಿ ಮನೆಗೆ ಹೋಗುವಾಗ ಬ್ಯಾಗಲ್ಲಿ ಹಾಕಿ ಕಳಿಸ್ರಿ, ಮೊದಲ ಪಾಠ ಅಜ್ಜಿಗೆ ಓದಿ ಹೇಳ್ಲಿ.